ವಾಚನಾಲಯದ ಗುಂಪಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಪೋಸ್ಟುಗಳ ಪಟ್ಟಿ ಹೇಗೆ ಮಾಡುವುದು?

ಮುಳಿಹುಲ್ಲು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ವಾಚನಾಲಯದ ವಾಟ್ಸಾಪ್ ಗುಂಪು. 312 ಜನ ಇದ್ದಾರೆ. ಮನೆಮಾತು ಹವ್ಯಕ, ತುಳು, ಮಲಯಾಳ, ಮರಾಠಿ ಎಲ್ಲ ಉಂಟು, ಓದು ಬರಹ ಮಾತ್ರ ಕನ್ನಡ. ಈಗಿನ ಸ್ಥಿತಿ ಹೇಗೆಂದರೆ ಬೆಳಿಗ್ಗೆ ಐದೂವರೆಯಿಂದ ಶುಭೋದಯದ ಹೂಗಳು, ಮಧ್ಯಾಹ್ನ ಅಡಿಕೆ ಧಾರಣೆ, ರಾತ್ರಿ ಎಲ್ಲಿಂದಲೋ ಬಂದ ವೀಡಿಯೊ. ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಐವತ್ತು ಜೋಡಿ ಮುಗಿದ ಕೈ. ಹೊಸ ಪುಸ್ತಕ ಬಂದಿದೆ ಅಂತ ಹಾಕಿದರೆ ಒಂದು ಹೆಬ್ಬೆರಳು, ಅದೂ ಕಾರ್ಯದರ್ಶಿಯದ್ದೇ.

ಜೂನ್ 1ರಿಂದ ದಿನಕ್ಕೊಂದು ಪೋಸ್ಟ್ ಹಾಕಬೇಕು ಅಂತ ಸಮಿತಿಯ ತೀರ್ಮಾನ. ನಿರ್ವಾಹಕರು ಮೂವರು. ದಿನಕ್ಕೊಂದು ಅಂದರೆ ವರ್ಷಕ್ಕೆ 365, ಅಷ್ಟು ಸಾಮಗ್ರಿ ಎಲ್ಲಿಂದ ತರುವುದು? ಯಾವ ಹೊತ್ತಿಗೆ ಹಾಕಬೇಕು? ರಸಪ್ರಶ್ನೆ ಇಟ್ಟು ಬಹುಮಾನ ಕೊಟ್ಟರೆ ಜನ ಬರುತ್ತಾರಾ? ಮತ್ತೆ ಟೆಲಿಗ್ರಾಂಗೆ ಹೋಗೋಣ ಅಂತ ಕೆಲವರು ಹೇಳುತ್ತಾರೆ, ಹೋಗಬೇಕಾ? ಗೊತ್ತಿದ್ದವರು ಸ್ವಲ್ಪ ವಿವರವಾಗಿ ಹೇಳಿ.

ಪತ್ತನಾಜೆ

ದಿನಕ್ಕೊಂದು ಬೇಡ ಮಾರಾಯ್ರೆ. ಮೂರು ಜನ ಸೇರಿ ದಿನಕ್ಕೊಂದು ಹಾಕಿದರೆ ಜುಲೈ ಮಧ್ಯಕ್ಕೆ ಆಟಿ ತಿಂಗಳು ಬರುವ ಮೊದಲೇ ಮೂವರೂ ಸುಸ್ತು. ಆಮೇಲೆ ಹಾಕಬೇಕಲ್ಲ ಅಂತ ಎಲ್ಲಿಂದಲೋ ಫಾರ್ವರ್ಡ್ ತಂದು ಹಾಕುತ್ತಾರೆ, ಗುಂಪು ಇದ್ದ ಜಾಗಕ್ಕೇ ವಾಪಸ್. ವಾರಕ್ಕೆ ಮೂರು ಸಾಕು. ಒಬ್ಬೊಬ್ಬರಿಗೆ ಒಂದೊಂದು ವಾರ ಅಂತ ಹಂಚಬೇಡಿ, ಒಬ್ಬರಿಗೆ ಒಂದು ದಿನ ಅಂತ ಹಂಚಿ. ಸೋಮವಾರದವರು ಯಾವಾಗಲೂ ಸೋಮವಾರದವರೇ. ತಪ್ಪಿದರೆ ಯಾರದ್ದು ತಪ್ಪಿದೆ ಅಂತ ಕೇಳದೆಯೇ ಗೊತ್ತಾಗುತ್ತದೆ.

ಶುರು ಮಾಡುವ ಮೊದಲು ಈಗ ಎಂತ ಆಗುತ್ತಿದೆ ಅಂತ ಲೆಕ್ಕ ಹಾಕಿ. ಗುಂಪು ತೆರೆದು ಮೇಲಿನ ಮೂರು ಚುಕ್ಕಿ, ಮೋರ್, ಎಕ್ಸ್‌ಪೋರ್ಟ್ ಚಾಟ್, ಮೀಡಿಯಾ ಬೇಡ ಅಂತ ಒತ್ತಿ. ಒಂದು ಪಠ್ಯದ ಕಡತ ಸಿಗುತ್ತದೆ. ಪ್ರತಿ ಸಾಲಿನಲ್ಲಿ ದಿನಾಂಕ, ಸಮಯ, ಹೆಸರು, ಸಂದೇಶ ಇರುತ್ತದೆ. (ಅಡ್ವಾನ್ಸ್ಡ್ ಚಾಟ್ ಪ್ರೈವಸಿ ಅಂತ ಒಂದು ಸೆಟ್ಟಿಂಗ್ ಉಂಟು, ಅದು ಆನ್ ಇದ್ದರೆ ಎಕ್ಸ್‌ಪೋರ್ಟ್ ಆಗುವುದಿಲ್ಲ.) ಹಿಂದಿನ 30 ದಿನದ್ದನ್ನು ಮಾತ್ರ ನೋಡಿ ಮೂರು ಸಂಖ್ಯೆ ಬರೆದಿಡಿ: ಎಷ್ಟು ಬೇರೆ ಬೇರೆ ಜನ ಸ್ವಂತ ಮಾತು ಬರೆದಿದ್ದಾರೆ, ಯಾವ ಗಂಟೆಯಲ್ಲಿ ಹೆಚ್ಚು ಬರೆದಿದ್ದಾರೆ, ಎಷ್ಟು ಸಂದೇಶಕ್ಕೆ ಇನ್ನೊಬ್ಬರ ಉತ್ತರ ಬಂದಿದೆ. ಲೆಕ್ಕ ಮುಗಿದ ಕೂಡಲೇ ಕಡತ ಅಳಿಸಿಬಿಡಿ, ಅದರಲ್ಲಿ ಬರೆದವರ ಹೆಸರು ಇಲ್ಲವೇ ನಂಬರು ಇರುತ್ತದೆ.

312ರಲ್ಲಿ 20 ಜನ ಬರೆದಿದ್ದರೆ ಬೇಸರ ಬೇಡ. ಆನ್‌ಲೈನ್ ಸಮುದಾಯಗಳ ಬಗ್ಗೆ ಯಾಕೋಬ್ ನೀಲ್ಸನ್ 2006ರಲ್ಲಿ ಬರೆದ 90-9-1 ಅನ್ನುವ ಲೆಕ್ಕ ಉಂಟು: ನೂರರಲ್ಲಿ 90 ಜನ ನೋಡಿ ಹೋಗುವವರು, 9 ಜನ ಅಪರೂಪಕ್ಕೆ ಬರೆಯುವವರು, ಹೆಚ್ಚಿನದೆಲ್ಲ ಉಳಿದ ಒಬ್ಬರದ್ದೇ. ನಿಮ್ಮಲ್ಲಿ ಅದು ಸುಮಾರು 3 ಮತ್ತು 28. ಸುಮ್ಮನಿರುವ 280 ಜನರನ್ನು ಮಾತಾಡಿಸಲು ಹೊರಡಬೇಡಿ. ಆ 28 ಜನ ತಿಂಗಳಿಗೊಮ್ಮೆ ಬರೆಯುತ್ತಿದ್ದರೆ ವಾರಕ್ಕೊಮ್ಮೆ ಬರೆಯುವ ಹಾಗೆ ಮಾಡುವುದಷ್ಟೇ ಕೆಲಸ.

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಕೇಳುವ ರೀತಿ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ಪ್ರಮಾಣ ಎಷ್ಟು ಅಂತ ಕೇಳಿ ನೋಡಿ. ಒಬ್ಬರು "1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು" ಅಂತ ಬರೆಯುತ್ತಾರೆ, ಅಲ್ಲಿಗೆ ಮುಗಿಯಿತು. ಸರಿ ಉತ್ತರ ಬಂದ ಮೇಲೆ ಎರಡನೆಯವರಿಗೆ ಎಂತ ಕೆಲಸ? ಅದೇ "ಮೊದಲ ಮದ್ದು ಬಿಡುವ ಮೊದಲೇ ಮಳೆ ಹಿಡಿದುಬಿಟ್ಟರೆ ನಿಮ್ಮ ತೋಟದಲ್ಲಿ ಎಂತ ಮಾಡುತ್ತೀರಿ?" ಅಂತ ಕೇಳಿದರೆ ಹತ್ತು ತೋಟಕ್ಕೆ ಹತ್ತು ಉತ್ತರ, ನಡುವೆ ಒಂದು ಚರ್ಚೆ.

ಪುಸ್ತಕಕ್ಕೂ ಇದೇ. "ನೀವು ಓದಿದ ಒಳ್ಳೆಯ ಪುಸ್ತಕದ ಬಗ್ಗೆ ಬರೆಯಿರಿ" ಅಂದರೆ ಅದು ಪರೀಕ್ಷೆಯ ಪ್ರಶ್ನೆ, ಹತ್ತು ಅಂಕದ್ದು. ಯಾರೂ ಬರೆಯುವುದಿಲ್ಲ. "ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು? ಯಾವ ಪುಟದಲ್ಲಿ ಬಿಟ್ಟಿರಿ?" ಅಂದರೆ ಒಂದು ಸಾಲಿನ ಉತ್ತರ ಸಾಕು, ಸಂಕೋಚವೂ ಇಲ್ಲ. ಬರೆಯಲು ಒಂದು ನಿಮಿಷಕ್ಕಿಂತ ಹೆಚ್ಚು ಬೇಕಾಗುವ ಪ್ರಶ್ನೆಯನ್ನು ತಿಂಗಳಿಗೆ ಒಂದಕ್ಕಿಂತ ಹೆಚ್ಚು ಕೇಳಬೇಡಿ.

ಬಹುಮಾನದ ರಸಪ್ರಶ್ನೆ: ಬೇಡ. ಗೂಗಲ್ ಮಾಡುವವರು ಗೆಲ್ಲುತ್ತಾರೆ, ಬಹುಮಾನ ನಿಂತ ದಿನ ಅವರೂ ನಿಲ್ಲುತ್ತಾರೆ.

ಹೊಳೆಬದಿ

ಮೇಲಿನ ಮಾತು ಸರಿ. ಆದರೆ ವಾರಕ್ಕೆ ಮೂರಾದರೂ ವರ್ಷಕ್ಕೆ 156 ಬೇಕಲ್ಲ. ಅದನ್ನು ಹೊಸದಾಗಿ ಯೋಚಿಸುತ್ತ ಕೂರುವುದಲ್ಲ. ಸೋಮವಾರ ಒಂದು ಪದ, ಗುರುವಾರ ಪುಸ್ತಕದ ಪ್ರಶ್ನೆ, ಶನಿವಾರ ಒಂದು ಹಳೆಯ ವಸ್ತು ಅಥವಾ ಕಾಗದದ ಫೋಟೊ, ಹೀಗೆ ಚೌಕಟ್ಟು ಮಾಡಿಕೊಂಡರೆ ಯೋಚನೆ ಅರ್ಧ ಕಡಿಮೆ. ಶುರು ಮಾಡುವ ದಿನ ಕೈಯಲ್ಲಿ 12 ಪೋಸ್ಟ್ ಬರೆದು ಮುಗಿದಿರಬೇಕು, ಅಂದರೆ ನಾಲ್ಕು ವಾರದ್ದು. ಯಾವಾಗಲೂ ಆರಕ್ಕಿಂತ ಕೆಳಗೆ ಇಳಿಯಬಾರದು.

ಪದದ ಪೋಸ್ಟ್ ನಮ್ಮ ಕಡೆ ಸೋಲುವುದೇ ಇಲ್ಲ, ಯಾಕೆಂದರೆ ಒಂದೇ ವಸ್ತುವಿಗೆ ನಾಲ್ಕು ಮನೆಯಲ್ಲಿ ನಾಲ್ಕು ಹೆಸರು. ಉದಾಹರಣೆಗೆ ಜೂನ್ ಮೊದಲ ಸೋಮವಾರಕ್ಕೆ ಇದನ್ನೇ ಹಾಕಬಹುದು:

"ಹಲಸಿನ ಬೇಳೆ, ಪೆಲತ್ತರಿ, ಚಕ್ಕಕ್ಕುರು. ನಿಮ್ಮ ಮನೆಯಲ್ಲಿ ಯಾವ ಹೆಸರು? ಮಳೆಗಾಲಕ್ಕೆ ತೆಗೆದಿಡುವಾಗ ಕೆಮ್ಮಣ್ಣು ಹಚ್ಚುತ್ತೀರಾ, ಮರಳಲ್ಲಿ ಹೂಳುತ್ತೀರಾ, ಉಪ್ಪಲ್ಲಿ ಬೇಯಿಸಿ ಒಣಗಿಸಿ ಸಾಂತಾಣಿ ಮಾಡುತ್ತೀರಾ?"

ಇದರಲ್ಲಿ ಮೂರು ಹೆಸರನ್ನು ನಾವೇ ಕೊಟ್ಟದ್ದು ಸುಮ್ಮನೆ ಅಲ್ಲ. ಖಾಲಿ ಪ್ರಶ್ನೆ ಕೇಳಿದರೆ ಮೊದಲ ಉತ್ತರ ಬರುವುದು ತಡ. ಕೊಟ್ಟದ್ದರಲ್ಲಿ ತಮ್ಮದು ಇಲ್ಲ ಅಂತ ಕಂಡರೆ ಜನ ತಿದ್ದಲಿಕ್ಕಾದರೂ ಬರುತ್ತಾರೆ. ತಿದ್ದುವುದರಲ್ಲಿ ನಮ್ಮೂರಿನವರಿಗೆ ಇರುವ ಉತ್ಸಾಹ ಬೇರೆ ಯಾವುದರಲ್ಲೂ ಇಲ್ಲ.

ವರ್ಷದ ದಿನಗಳನ್ನು ಇಸವಿಯ ಕ್ಯಾಲೆಂಡರ್ ನೋಡಿ ಮಾಡಬೇಡಿ, ಊರಿನ ವರ್ಷ ನೋಡಿ ಮಾಡಿ. ಜೂನ್ 19 ಕೇರಳದ ವಾಚನಾ ದಿನ, 25ರ ತನಕ ವಾಚನಾ ವಾರ. ನಿಮ್ಮದು ವಾಚನಾಲಯವೇ ಆದ್ದರಿಂದ ಆ ಏಳು ದಿನ ಮಾತ್ರ ದಿನಕ್ಕೊಂದು ಹಾಕಬಹುದು. ಮೊದಲ ದಿನ "ಮನೆಯ ಕಪಾಟಿನಲ್ಲಿ ಎಡದಿಂದ ಮೂರನೇ ಪುಸ್ತಕ, 19ನೇ ಪುಟ, ಮೊದಲ ಸಾಲು, ಬರೆಯಿರಿ. ಪುಸ್ತಕದ ಹೆಸರು ಹೇಳಬೇಡಿ, ಉಳಿದವರು ಊಹಿಸಲಿ" ಅಂತ ಇಡಿ. ಹೆಸರನ್ನು ಮರುದಿನ ಅದೇ ಹೊತ್ತಿಗೆ ಹೇಳಬೇಕು, ಆಗ ಎರಡನೇ ದಿನವೂ ಜನ ಬರುತ್ತಾರೆ.

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ಆಟಿ. ಹೊರಗೆ ಮಳೆ, ಜನ ಮನೆಯಲ್ಲಿ, ಹಾಗಾಗಿ ದೊಡ್ಡ ಚರ್ಚೆಗಳನ್ನೆಲ್ಲ ಇಲ್ಲಿಗೆ ಇಟ್ಟುಕೊಳ್ಳಿ. ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯದ ಬಗ್ಗೆ ಹಾಕುವುದಾದರೆ ಮೂರು ದಿನ ಮೊದಲೇ ಹಾಕಿ. ಕೆತ್ತೆ (ತೊಗಟೆ) ತೆಗೆಯುವುದು ಬೆಳಕು ಹರಿಯುವ ಮೊದಲು. ಆ ದಿನ ಬೆಳಿಗ್ಗೆ ಏಳಕ್ಕೆ ಪೋಸ್ಟ್ ಹಾಕಿದರೆ ಕುಡಿದಾದ ಮೇಲೆ ಓದಿದ ಹಾಗೆ. ಪೋಸ್ಟಿನಲ್ಲಿ ಒಂದು ಗೆಲ್ಲಿನ ಸುತ್ತ ಐದಾರು ಏಳು ಎಲೆ ಚಕ್ರದ ಹಾಗೆ ಇರುವ ಫೋಟೊ ಇರಲಿ, ಕಾಸರಕದಂಥ ವಿಷದ ಮರದ ಕೆತ್ತೆ ತಪ್ಪಿ ತೆಗೆದರೆ ಜೀವಕ್ಕೇ ಅಪಾಯ ಅಂತ ಸ್ಪಷ್ಟವಾಗಿ ಬರೆದಿರಲಿ, ಹಗಲಲ್ಲೇ ಮರ ಗುರುತು ಮಾಡಿ ಇಡಲು ಹೇಳಿ.

ನವೆಂಬರ್ 1 ಕಷ್ಟದ ದಿನ. ರಾಜ್ಯೋತ್ಸವವೂ ಅದೇ, ಕೇರಳ ರಾಜ್ಯ ಹುಟ್ಟಿದ ದಿನ ಕೇರಳಪ್ಪಿರವಿಯೂ ಅದೇ. "ಕಾಸರಗೋಡು ಯಾರದ್ದು" ಅಂತ ಕೇಳಿದರೆ ಒಂದೇ ಗಂಟೆಯಲ್ಲಿ ಹತ್ತು ಜನ ಗುಂಪು ಬಿಡುತ್ತಾರೆ. ಅದರ ಬದಲು ಕಾಗದ ಕೇಳಿ: "ಮನೆಯ ಹಳೆಯ ಶಾಲಾ ಸರ್ಟಿಫಿಕೇಟು, ತೀರ್ವೆ ರಶೀದಿ, ಅಂಚೆ ಕಾರ್ಡು, ಯಾವುದರಲ್ಲಿ ಯಾವ ಜಿಲ್ಲೆ ಅಂತ ಬರೆದಿದೆ?" 1956ರ ಮೊದಲಿನದ್ದಾದರೆ ದಕ್ಷಿಣ ಕನ್ನಡ, 1957ರ ನಂತರದ್ದಾದರೆ ಕಣ್ಣೂರು, 1984ರ ಮೇ 24ರ ನಂತರ ಕಾಸರಗೋಡು. ಒಂದೇ ಮನೆಯ ಮೂರು ತಲೆಮಾರಿನ ಕಾಗದದಲ್ಲಿ ಮೂರು ಜಿಲ್ಲೆ. ಜಗಳವಿಲ್ಲದೆ ಇತಿಹಾಸ ಬರುತ್ತದೆ. ಫೋಟೊ ಹಾಕುವಾಗ ಸರ್ವೆ ನಂಬರು, ಹೆಸರು ಬೆರಳಿನಿಂದ ಮುಚ್ಚಲು ಮೊದಲೇ ಹೇಳಿಬಿಡಿ.

ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆಯ ತನಕ ಯಕ್ಷಗಾನದ ಆಟ, ಕೋಲ, ಕಳಿಯಾಟ, ಜಾತ್ರೆ. ಆ ತಿಂಗಳುಗಳಲ್ಲಿ ಶನಿವಾರ ರಾತ್ರಿಯ ಪೋಸ್ಟನ್ನು ಭಾನುವಾರ ಮಧ್ಯಾಹ್ನಕ್ಕೆ ತಳ್ಳಿ. ಮಾರ್ಚ್ ಎಸ್ಸೆಸ್ಸೆಲ್ಸಿ ಪರೀಕ್ಷೆ, ವಾರಕ್ಕೆ ಒಂದೇ ಸಾಕು.

ಮುಳಿಹುಲ್ಲು

ತುಂಬ ಉಪಕಾರ. ಎಕ್ಸ್‌ಪೋರ್ಟ್ ಮಾಡಿ ನೋಡಿದೆ: 30 ದಿನದಲ್ಲಿ ಸ್ವಂತ ಮಾತು ಬರೆದವರು 17 ಜನ. ಹೆಚ್ಚು ಬರೆದದ್ದು ರಾತ್ರಿ 8ರಿಂದ 9ರ ನಡುವೆ. ಉತ್ತರ ಬಂದ ಸಂದೇಶ ಬರೇ 9.

ಎರಡು ಸಂಶಯ ಉಳಿದಿದೆ. ಒಂದು, ಗುಂಪಿನ ಮಕ್ಕಳಲ್ಲಿ ಅನೇಕರು ಮಲಯಾಳ ಇಲ್ಲವೇ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವರು. ಕನ್ನಡ ಮಾತು ಬರುತ್ತದೆ, ಅಕ್ಷರ ನಿಧಾನ. ಅವರನ್ನು ಹೇಗೆ ಸೇರಿಸಿಕೊಳ್ಳುವುದು? ಎರಡು, ಬರೆದಿಟ್ಟ 12 ಪೋಸ್ಟ್ ತನ್ನಷ್ಟಕ್ಕೆ ಹೋಗುವ ಹಾಗೆ ಮಾಡಬಹುದಾ?

ಕಣಿಪುರ

ತಾಂತ್ರಿಕ ವಿಷಯಕ್ಕೆ ಮಾತ್ರ ಉತ್ತರ.

ಟೆಲಿಗ್ರಾಂನಲ್ಲಿ ಕಳಿಸುವ ಗುಂಡಿಯನ್ನು ಒತ್ತಿ ಹಿಡಿದರೆ ಶೆಡ್ಯೂಲ್ ಅಂತ ಬರುತ್ತದೆ, ದಿನ ಸಮಯ ಕೊಟ್ಟು ಬಿಟ್ಟರಾಯಿತು. ಹೊಸದಾಗಿ ಸೇರಿದವರಿಗೆ ಹಳೆಯ ಮಾತೂ ಕಾಣುವ ಹಾಗೆ ಇಡಬಹುದು. ಫೇಸ್‌ಬುಕ್ ಗುಂಪಿನಲ್ಲೂ ನಿರ್ವಾಹಕರು ಮೊದಲೇ ಸಮಯ ಕೊಟ್ಟು ಇಡಬಹುದು. ಆದರೆ ಅದಕ್ಕೋಸ್ಕರ 312 ಜನರನ್ನು ಟೆಲಿಗ್ರಾಂಗೆ ಎಳೆಯಬೇಡಿ. ಅಡಿಕೆ ಧಾರಣೆ, ಮರಣದ ಸುದ್ದಿ ಬರುವ ಕಡೆಯೇ ಜನ ಇರುವುದು. ಅರ್ಧ ಜನ ಅಲ್ಲಿ, ಅರ್ಧ ಇಲ್ಲಿ ಆದರೆ ಎರಡೂ ಮಲಗುತ್ತದೆ.

ವಾಟ್ಸಾಪಿಗೆ ಅಂತ ತನ್ನಷ್ಟಕ್ಕೆ ಕಳಿಸುವ ಹೊರಗಿನ ಆ್ಯಪ್‌ಗಳು ಸಿಗುತ್ತವೆ, ಹಾಕಬೇಡಿ. ಸ್ವಯಂಚಾಲಿತವಾಗಿ ಕಳಿಸುವುದು ವಾಟ್ಸಾಪಿನ ನಿಯಮಕ್ಕೆ ವಿರುದ್ಧ, ನಂಬರೇ ಬಂದ್ ಆಗಬಹುದು. ನಿಮಗೆ ನೀವೇ ಸಂದೇಶ ಕಳಿಸುವ ಚಾಟ್ ಉಂಟಲ್ಲ, 12 ಪೋಸ್ಟನ್ನೂ ಅದರಲ್ಲಿ ಇಟ್ಟು, ಫೋನಿಗೆ ಸೋಮ, ಗುರು, ಶನಿ 7:55ರ ಅಲಾರಂ ಇಡಿ. ಅಲ್ಲಿಂದ ಫಾರ್ವರ್ಡ್ ಮಾಡಬೇಡಿ, ನಕಲು ಮಾಡಿ ಹಾಕಿ. ಫಾರ್ವರ್ಡ್ ಅನ್ನುವ ಗುರುತು ಕಂಡರೆ ಜನ ಓದದೆ ದಾಟುತ್ತಾರೆ.

ನಿಜ ಹೇಳಬೇಕೆಂದರೆ ಕೈಯಿಂದ ಹಾಕುವುದೇ ಲೇಸು, ಯಾಕೆಂದರೆ ಪೋಸ್ಟ್ ಹಾಕಿದವರು ಮುಂದಿನ ಅರ್ಧ ಗಂಟೆ ಅಲ್ಲೇ ಇರಬೇಕು. ಮೊದಲ ಉತ್ತರ ಬಂದ ಕೂಡಲೇ ಅದನ್ನು ಬಲಕ್ಕೆ ಎಳೆದು ಅದಕ್ಕೇ ಸೇರಿಸಿ ಇನ್ನೊಂದು ಪ್ರಶ್ನೆ ಕೇಳಬೇಕು. "ಒಳ್ಳೆದಾಯ್ತು" ಅಂದರೆ ಅಲ್ಲಿಗೆ ಮಾತು ಮುಗಿಯುತ್ತದೆ. "ಸಾಂತಾಣಿ ಎಷ್ಟು ದಿನ ಒಣಗಿಸುತ್ತೀರಿ?" ಅಂದರೆ ಮುಂದೆ ಹೋಗುತ್ತದೆ. ಮೊದಲ ತಿಂಗಳು ಪೋಸ್ಟ್ ಹಾಕುವ ಮೊದಲೇ ಇಬ್ಬರಿಗೆ ಫೋನ್ ಮಾಡಿ "ಎಂಟಕ್ಕೆ ಹೀಗೊಂದು ಪ್ರಶ್ನೆ ಬರುತ್ತದೆ, ನಿಮ್ಮದು ಬರೆಯಿರಿ" ಅಂತ ಹೇಳಿಡಿ. ಖಾಲಿ ಅಂಗಳಕ್ಕೆ ಮೊದಲು ಕಾಲಿಡಲು ಯಾರಿಗೂ ಮನಸ್ಸಾಗುವುದಿಲ್ಲ.

ಉದ್ದದ ಸಂದೇಶವನ್ನು ವಾಟ್ಸಾಪ್ ಮಡಚಿ "ರೀಡ್ ಮೋರ್" ಅಂತ ತೋರಿಸುತ್ತದೆ. ಹಾಗಾಗಿ ಪ್ರಶ್ನೆ ಮೊದಲ ಎರಡು ಸಾಲಿನಲ್ಲೇ ಇರಬೇಕು, ಪೀಠಿಕೆ ಆಮೇಲೆ. ಹಳೆಯ ಸ್ಮರಣ ಸಂಚಿಕೆಯ ಲೇಖನವನ್ನು ಡಿಟಿಪಿಯವರಿಂದ ತಂದು ಅಂಟಿಸುವಾಗ ಅದು ಹಳೆಯ ನುಡಿ ಅಕ್ಷರದಲ್ಲಿದ್ದರೆ ಫೋನಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಮೊದಲು ಯುನಿಕೋಡಿಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವೊತ್ತು ಸರಿ ಬಂದಿದೆಯಾ ಅಂತ ಒಮ್ಮೆ ಓದಿಯೇ ಹಾಕಿ. ಲೇಖನದ ಫೋಟೊ ಹಾಕುವುದು ಸುಲಭ, ಆದರೆ ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಮತ ಕೇಳುವ ಪೋಲ್ ಉಂಟು, 12 ಆಯ್ಕೆ ತನಕ ಕೊಡಬಹುದು. ಆದರೆ ಗುಂಪಿನ ಪೋಲಿನಲ್ಲಿ ಯಾರು ಯಾವುದಕ್ಕೆ ಒತ್ತಿದರು ಅಂತ ಎಲ್ಲರಿಗೂ ಕಾಣುತ್ತದೆ. ಯಾವ ಪುಸ್ತಕ ತರಿಸೋಣ ಅನ್ನುವುದಕ್ಕೆ ಅಡ್ಡಿಯಿಲ್ಲ, ವಾರ್ಷಿಕೋತ್ಸವಕ್ಕೆ ಯಾರನ್ನು ಕರೆಯೋಣ ಅನ್ನುವುದಕ್ಕೆ ಬೇಡ.

ಕೆಲಸ ಆಗುತ್ತಿದೆಯಾ ಅಂತ ನೋಡಲು ನಿಮ್ಮ ಸಂದೇಶವನ್ನು ಒತ್ತಿ ಹಿಡಿದು ಇನ್ಫೋ ನೋಡಿ, ಯಾರ್ಯಾರು ಓದಿದ್ದಾರೆ ಅಂತ ಪಟ್ಟಿ ಬರುತ್ತದೆ. ನೀಲಿ ಗುರುತು ಆಫ್ ಮಾಡಿಟ್ಟವರೂ ಗುಂಪಿನ ಪಟ್ಟಿಯಲ್ಲಿ ಕಾಣುತ್ತಾರೆ. ಮರುದಿನ ರಾತ್ರಿ ಎಂಟಕ್ಕೆ ನೋಡಿ. 200 ಜನ ಓದಿ ಇಬ್ಬರು ಉತ್ತರಿಸಿದ್ದರೆ ಪ್ರಶ್ನೆ ಸರಿಯಿಲ್ಲ. ಓದಿದವರೇ 60 ಅಂದರೆ ಹೊತ್ತು ಸರಿಯಿಲ್ಲ, ಅಥವಾ ಶುಭೋದಯದ ಕಾಟಕ್ಕೆ ಜನ ಗುಂಪನ್ನು ಮ್ಯೂಟ್ ಮಾಡಿದ್ದಾರೆ. ಎರಡಕ್ಕೂ ಮದ್ದು ಬೇರೆ ಬೇರೆ.

ಶುಭೋದಯ ನಿಲ್ಲಿಸಲು ಹೋಗಬೇಡಿ, ಹಿರಿಯರಿಗೆ ಬೇಸರವಾಗುತ್ತದೆ. ಕಮ್ಯೂನಿಟಿ ಮಾಡಿ ಅದರೊಳಗೆ ಎರಡೇ ಗುಂಪು ಇಡಿ: ಒಂದು ಓದಿಗೆ, ಇನ್ನೊಂದಕ್ಕೆ "ಕಟ್ಟೆ" ಅಂತ ಹೆಸರಿಡಿ, ಹೂವು, ಧಾರಣೆ, ವೀಡಿಯೊ ಎಲ್ಲ ಅಲ್ಲಿಗೆ. ಮಕ್ಕಳಿಗೊಂದು, ಮಹಿಳೆಯರಿಗೊಂದು, ಕವಿಗಳಿಗೊಂದು ಅಂತ ಐದು ಮಾಡಿದರೆ ಐದರಲ್ಲೂ ಯಾರೂ ಇರುವುದಿಲ್ಲ.

ಅಡಿಕೆಸೋಗೆ

ಒಂದು ವಿಷಯ ಯಾರೂ ಹೇಳಲಿಲ್ಲ. ವಾಚನಾಲಯದ ಗುಂಪು ಅಂದ ಮೇಲೆ ಕವಿತೆ, ಕಥೆ ಪೂರ್ತಿಯಾಗಿ ಹಾಕುವ ಆಸೆ ಬಂದೇ ಬರುತ್ತದೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಬರಹದ ಹಕ್ಕು (ಕಾಪಿರೈಟ್) ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರ ಸೆಪ್ಟೆಂಬರ್ 6. ಅಂದರೆ ಅವರ ಜೀವಿತಕಾಲದಲ್ಲಿ ಅಚ್ಚಾದ ಬರಹಗಳನ್ನು 2024ರ ಜನವರಿ 1ರಿಂದ ಯಾರೂ ಹಾಕಬಹುದು. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರ ಆಗಸ್ಟ್ 9, ಅವರ ಬರಹದ ಹಕ್ಕು 2075ರ ಕೊನೆಯ ತನಕ ಇದೆ. ನಿಮ್ಮ ಊರಿನವರೇ ಆದರೂ ಪೂರ್ತಿ ಕವಿತೆ ಹಾಕಬೇಕಾದರೆ ಹಕ್ಕಿದ್ದವರನ್ನು ಕೇಳಬೇಕು. ನಾಲ್ಕು ಸಾಲು ಎತ್ತಿ ಅದರ ಬಗ್ಗೆ ಚರ್ಚೆ ಮಾಡುವುದಕ್ಕೆ ತೊಂದರೆಯಿಲ್ಲ.

ಇದನ್ನೇ ಯೋಜನೆಯಾಗಿ ಮಾಡಿಕೊಳ್ಳಬಹುದು: ಪೈಗಳು ಹುಟ್ಟಿದ ಮಾರ್ಚ್ 23ಕ್ಕೆ, ತೀರಿಕೊಂಡ ಸೆಪ್ಟೆಂಬರ್ 6ಕ್ಕೆ ಪೂರ್ತಿ ಪಾಠ ಮತ್ತು ಓದಿದ ಧ್ವನಿ. ಕಯ್ಯಾರರು ಹುಟ್ಟಿದ ಜೂನ್ 8ಕ್ಕೆ ನಾಲ್ಕು ಸಾಲು ಮತ್ತು ಒಂದು ಪ್ರಶ್ನೆ. ಅನುವಾದವಾದರೆ ಅನುವಾದಕರ ಹಕ್ಕು ಬೇರೆ, ಅದನ್ನು ಮರೆಯಬೇಡಿ. ಪತ್ರಿಕೆಯ ಪಿಡಿಎಫ್ ಬೆಳಿಗ್ಗೆ ಬೆಳಿಗ್ಗೆ ಹಂಚುವ ಪುಣ್ಯಾತ್ಮರು ಎಲ್ಲ ಗುಂಪಿನಲ್ಲೂ ಇರುತ್ತಾರೆ, ಅದನ್ನು ಮೊದಲ ದಿನವೇ ನಿಲ್ಲಿಸಿ.

ಅಕ್ಷರ ನಿಧಾನ ಇರುವ ಮಕ್ಕಳಿಗೆ: ಪೋಸ್ಟಿನ ಕನ್ನಡವನ್ನೇ ಕೆಳಗೆ ಮಲಯಾಳ ಅಕ್ಷರದಲ್ಲೂ ಬರೆದು ಹಾಕಿ. ಎರಡು ನಿಮಿಷದ ಕೆಲಸ.

ಹೊಳೆಬದಿ

ಅದೊಂದನ್ನು ಒಪ್ಪುವುದು ಕಷ್ಟ. ಮಲಯಾಳ ಅಕ್ಷರ ಕೆಳಗೆ ಇದ್ದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ, ವರ್ಷ ಕಳೆದರೂ ಕನ್ನಡ ಅಕ್ಷರ ಓದಲು ಬರುವುದಿಲ್ಲ. ಪಠ್ಯ ಕನ್ನಡದಲ್ಲೇ ಇರಲಿ, ಅದೇ ಸಾಲುಗಳನ್ನು ಓದಿದ ಧ್ವನಿ ಸಂದೇಶ ಕೆಳಗೆ ಇರಲಿ. ಒಂದು ನಿಮಿಷದ ಒಳಗೆ, ನಿಧಾನಕ್ಕೆ, ಪಠ್ಯದಲ್ಲಿ ಇದ್ದ ಹಾಗೇ ಓದಬೇಕು. ಬೇರೆ ಮಾತು ಸೇರಿಸಿದರೆ ಕಣ್ಣಿಗೂ ಕಿವಿಗೂ ತಾಳೆಯಾಗುವುದಿಲ್ಲ. ಉತ್ತರ ಅವರು ಧ್ವನಿಯಲ್ಲೇ ಕೊಡಲಿ. ಬರೆಯಲೇಬೇಕು ಅಂದರೆ ಜಿಬೋರ್ಡಿನಲ್ಲಿ ಕನ್ನಡ ಸೇರಿಸಿ ಮೈಕ್ ಒತ್ತಿ ಮಾತಾಡಿದರೆ ಅಕ್ಷರ ಬರುತ್ತದೆ. ಹವ್ಯಕದಲ್ಲೋ ತುಳುವಿನಲ್ಲೋ ಮಾತಾಡಿದರೆ ಅದು ಬರೆಯುವುದು ಮಾತ್ರ ತಮಾಷೆಯಾಗಿರುತ್ತದೆ.

ಅಡಿಕೆಸೋಗೆ

ಧ್ವನಿಯನ್ನು ಬಸ್ಸಿನಲ್ಲಿ, ತರಗತಿಯಲ್ಲಿ ಕೇಳಲಿಕ್ಕಾಗುವುದಿಲ್ಲ. ಅಕ್ಷರಕ್ಕೆ ಆ ತೊಂದರೆ ಇಲ್ಲ. ಸಭೆಯ ಸೂಚನೆಗಳಿಗಾದರೂ ಎರಡೂ ಲಿಪಿ ಇರಲಿ, ಸೂಚನೆ ತಲುಪದಿದ್ದರೆ ಮಕ್ಕಳು ವಾಚನಾಲಯಕ್ಕೇ ಬರುವುದಿಲ್ಲ.

ಮುಳಿಹುಲ್ಲು

ಸೂಚನೆಗೆ ಎರಡು ಲಿಪಿ, ಉಳಿದದ್ದಕ್ಕೆ ಧ್ವನಿ, ಹಾಗೆ ಮಾಡಿ ನೋಡುತ್ತೇವೆ. ಮೊದಲ ಎರಡು ವಾರದ ಪಟ್ಟಿ ಹೀಗೆ ಮಾಡಿದ್ದೇವೆ, ತಪ್ಪಿದ್ದರೆ ಹೇಳಿ. ಎಲ್ಲ ರಾತ್ರಿ 8ಕ್ಕೆ.

ಒಂದನೇ ವಾರ: ಸೋಮವಾರ ಹಲಸಿನ ಬೇಳೆ. ಗುರುವಾರ ಅರ್ಧಕ್ಕೆ ಬಿಟ್ಟ ಪುಸ್ತಕ. ಶನಿವಾರ ಅಟ್ಟದಲ್ಲಿರುವ ಹಳೆಯ ಅಳತೆಯ ಸೇರು, ಕಳಸಿಗೆಯ ಫೋಟೊ.

ಎರಡನೇ ವಾರ: ಸೋಮವಾರ ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆಗೆ ಬೇರೆ ಹೆಸರು. ಗುರುವಾರ "ಗೋವಿಂದ ಪೈಗಳು ಹುಟ್ಟಿದ್ದು ಯಾವ ವರ್ಷ?" ಶನಿವಾರ ಶಾಲೆಯ ಮೊದಲ ದಿನದ ಮಕ್ಕಳ ಫೋಟೊಗಳು.

ಪತ್ತನಾಜೆ

ಎರಡನೇ ವಾರದ್ದು ಎರಡು ತೆಗೆಯಿರಿ. ಪೈಗಳ ಪ್ರಶ್ನೆಗೆ 1883 ಅಂತ ಒಬ್ಬರು ಬರೆದರೆ ಮುಗಿಯಿತು. ಅದರ ಬದಲು "ಶಾಲೆಯಲ್ಲಿ ಬಾಯಿಪಾಠ ಮಾಡಿದ ಪದ್ಯದ ಎಷ್ಟು ಸಾಲು ಈಗಲೂ ಪುಸ್ತಕ ನೋಡದೆ ಬರುತ್ತದೆ? ಧ್ವನಿಯಲ್ಲಿ ಹೇಳಿ" ಅಂತ ಕೇಳಿ, ತಪ್ಪು ಹೇಳಿದವರನ್ನು ತಿದ್ದಲು ಉಳಿದವರು ಇದ್ದೇ ಇದ್ದಾರೆ. ಮಕ್ಕಳ ಫೋಟೊ ಬೇಡ, 312 ಜನರ ಫೋನಿಗೆ ಹೋದ ಮೇಲೆ ಅದನ್ನು ಹಿಂದಕ್ಕೆ ತರಲಾಗುವುದಿಲ್ಲ. ಮಕ್ಕಳದ್ದೇ ಬೇಕು ಅಂದರೆ ಚೀಲದ ಫೋಟೊ ಕೇಳಿ: ಈಗಿನ ಒಂದನೇ ಕ್ಲಾಸಿನ ಚೀಲವನ್ನು ತಕ್ಕಡಿಯಲ್ಲಿಟ್ಟು ಎಷ್ಟು ಕೆಜಿ ಅಂತ ಬರೆಯಲಿ.

ಸೇರು, ಕಳಸಿಗೆಯದ್ದು ಒಳ್ಳೆಯದುಂಟು. ಒಂದು ಕಳಸಿಗೆಗೆ ಎಷ್ಟು ಸೇರು ಅಂತ ಕೆಳಗೆ ಒಂದು ಸಾಲು ಸೇರಿಸಿ, ರಾತ್ರಿ ಹತ್ತರ ತನಕ ಜಗಳ ಮುಗಿಯುವುದಿಲ್ಲ.

ಮುಳಿಹುಲ್ಲು

ಎರಡನ್ನೂ ಬದಲಿಸಿದೆ. ಸೋಮವಾರದ ಪೋಸ್ಟಿಗೆ ಮೊದಲೇ ಫೋನ್ ಮಾಡಿ ಹೇಳಿಡಲು ಇಬ್ಬರ ಹೆಸರೂ ಆಯಿತು. ಒಬ್ಬರು ಮನೆಯಲ್ಲಿ ಕೆಮ್ಮಣ್ಣು ಹಚ್ಚುವವರು, ಇನ್ನೊಬ್ಬರು ಮರಳಲ್ಲಿ ಹೂಳುವವರು.